ರಷ್ಯಾ ಜಾರ್ಜಿಯಾದೊಳಗೆ ನುಗ್ಗಿದ್ದು ನಿಜವಾಗಲೂ ತನ್ನ ಜನರನ್ನು ಉಳಿಸಲಿಕ್ಕಾ?

ನವನಗರದ ಹುಡುಗ (ಬಾಗಲಕೋಟೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೆಎಎಸ್‌ಗೆ ಓದುತ್ತಿದ್ದೇನೆ. ಇಲ್ಲಿ ನವನಗರದಲ್ಲಿ ಮೂವರು ಸೇರಿ ಒಂದು ರೂಮ್ ಮಾಡಿಕೊಂಡಿದ್ದೇವೆ. ನಿನ್ನೆ ರಾತ್ರಿ ಊಟ ಆದ ಮೇಲೆ 2008ರ ರಷ್ಯಾ–ಜಾರ್ಜಿಯಾ ಯುದ್ಧದ ಮಾತು ಬಂತು. ಮಾತು ಜಗಳದ ತನಕ ಹೋಯಿತು.

ಒಬ್ಬ ಹೇಳುತ್ತಾನೆ: ಮೊದಲು ಗುಂಡು ಹಾರಿಸಿದ್ದು ಜಾರ್ಜಿಯಾ, ಜಾರ್ಜಿಯಾದಿಂದ ಬೇರೆಯಾಗಲು ಹೊರಟ ದಕ್ಷಿಣ ಒಸ್ಸೆಟಿಯಾದಲ್ಲಿ ಇದ್ದವರು ರಷ್ಯಾದ ಪ್ರಜೆಗಳು, ಹಾಗಾಗಿ ರಷ್ಯಾ ಬಂದಿದ್ದು ಸರಿ. ಇನ್ನೊಬ್ಬ ಹೇಳುತ್ತಾನೆ: ಎಲ್ಲಾ ನಾಟಕ, ದೊಡ್ಡ ದೇಶ ಸಣ್ಣ ದೇಶವನ್ನು ಮುರಿದು ಹಾಕಿತು ಅಷ್ಟೇ. ನಡುವೆ ಒಬ್ಬ ನಮ್ಮ ಬೆಳಗಾವಿ ಗಡಿ ವಿವಾದವನ್ನೂ ಎಳೆದು ತಂದ. ನೋಟ್ಸ್‌ನಲ್ಲಿ ನೋಡಿದರೆ ನಾಲ್ಕೇ ಸಾಲು ಇದೆ. ತಾರೀಕು, ಎರಡು ಪ್ರದೇಶದ ಹೆಸರು, ಕದನ ವಿರಾಮ, ಮುಗೀತು.

ಅಲ್ಲಿನ ಜನರನ್ನು ಕಂಡವರು, ಇದನ್ನು ಸರಿಯಾಗಿ ಓದಿದವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ.

ಸುಮ್ನೆ_ಒಬ್ಬ (ವಿಜಯಪುರ):

ಅಮೆರಿಕ, ನೇಟೊ ಎಲ್ಲಾ ಸೇರಿ ಕೊಸೊವೊವನ್ನು ಸರ್ಬಿಯಾದಿಂದ ಬೇರೆ ಮಾಡಿದವಲ್ಲ, ಅದನ್ನೇ ರಷ್ಯಾ ಇಲ್ಲಿ ಮಾಡಿತು. ಅವರು ಮಾಡಿದರೆ ಪುಣ್ಯ, ಇವರು ಮಾಡಿದರೆ ಪಾಪ. ಇಷ್ಟೇ ವಿಷಯ. ಇದಕ್ಕೆ ಉದ್ದ ಉತ್ತರ ಯಾಕೆ ಬೇಕು?

ತಿಕೋಟಾ ಡಾಕ್ಟರ್ (ವಿಜಯಪುರ):

ಉದ್ದ ಉತ್ತರ ಬೇಕು ಅಂತ ಕೇಳಿದ್ದಾರಲ್ಲ ರೀ, ನಾನು ಬರೆಯುತ್ತೇನೆ. ರಾತ್ರಿ ಡ್ಯೂಟಿ, ಈಗ ವಾರ್ಡ್ ಶಾಂತವಾಗಿದೆ.

ನಾನು ತಿಕೋಟಾ ಕಡೆಯವನು. ಮನೆಯಲ್ಲಿ ದ್ರಾಕ್ಷಿ ತೋಟ ಇದೆ. ಎಂಬಿಬಿಎಸ್ ಓದಿದ್ದು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯಲ್ಲಿ. ನಾನು ಹೋಗುವ ಹೊತ್ತಿಗೆ ಯುದ್ಧ ಮುಗಿದು ವರ್ಷಗಳಾಗಿದ್ದವು. ಆದರೆ ಅಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಆ ಮಾತು ಬಂದೇ ಬರುತ್ತದೆ.

ತಮ್ಮಾ, ನಿಮ್ಮ ರೂಮಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಮಾಡಿಕೊಂಡು ಜಗಳ ಆಡಿದ್ದೀರಿ. ಆ ರಾತ್ರಿ ಮೊದಲು ಹೊಡೆದವರು ಯಾರು ಅನ್ನುವುದು ಒಂದು. ರಷ್ಯಾಕ್ಕೆ ಅಷ್ಟು ದೂರ ಒಳಗೆ ಬರುವ ಹಕ್ಕು ಇತ್ತಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಜಾರ್ಜಿಯಾ. ಎರಡನೆಯದಕ್ಕೆ ಉತ್ತರ ಇಲ್ಲ. ಎರಡೂ ಒಟ್ಟಿಗೆ ನಿಜ ಆಗಬಹುದು. ಇದನ್ನು ನಾನು ಕಂಡುಹಿಡಿದದ್ದಲ್ಲ. ಯುರೋಪಿಯನ್ ಯೂನಿಯನ್ ಒಂದು ತನಿಖಾ ಸಮಿತಿ ಮಾಡಿತ್ತು. ಸ್ವಿಟ್ಜರ್ಲೆಂಡಿನ ರಾಜತಂತ್ರಜ್ಞೆ ಹೈದಿ ತಾಲ್ಯಾವಿನಿ ಅದರ ಮುಖ್ಯಸ್ಥೆ. 2009ರ ಸೆಪ್ಟೆಂಬರ್‌ನಲ್ಲಿ ವರದಿ ಬಂತು. 2008ರ ಆಗಸ್ಟ್ 7ರ ರಾತ್ರಿ ಜಾರ್ಜಿಯಾ ದಕ್ಷಿಣ ಒಸ್ಸೆಟಿಯಾದ ಮುಖ್ಯ ಪಟ್ಟಣ ಸ್ಖಿನ್ವಾಲಿಯ ಮೇಲೆ ಮಾಡಿದ ಫಿರಂಗಿ ದಾಳಿಯಿಂದ ಯುದ್ಧ ಶುರುವಾಯಿತು, ಆ ದಾಳಿಗೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಸಮರ್ಥನೆ ಇಲ್ಲ ಎಂದು ಅದರಲ್ಲಿದೆ. ರಷ್ಯಾ ತನ್ನ ಶಾಂತಿಪಾಲಕರನ್ನು ರಕ್ಷಿಸಿಕೊಳ್ಳುವಷ್ಟು ಮಾಡಿದ್ದು ಸರಿ, ಅದರಾಚೆ ಮಾಡಿದ್ದು ಮಿತಿ ಮೀರಿದ್ದು ಎಂದೂ ಇದೆ. ಎರಡೂ ದೇಶದವರು ತಮಗೆ ಬೇಕಾದ ಅರ್ಧ ಮಾತ್ರ ಓದುತ್ತಾರೆ. ಟಿಬಿಲಿಸಿಯಲ್ಲಿ ನಾನು ಮೊದಲನೇ ಅರ್ಧ ಹೇಳಿ ಒಂದು ಊಟದ ಮೇಜನ್ನೇ ಮೌನ ಮಾಡಿದ್ದೇನೆ.

ಈಗ ನಕ್ಷೆ ತೆಗೆಯಿರಿ. ಇದು ನಕ್ಷೆ ಇಲ್ಲದೆ ಅರ್ಥ ಆಗುವ ವಿಷಯವಲ್ಲ. ಮೇಲೆ ಕಾಕಸಸ್ ಪರ್ವತ ಸಾಲು. ಆಚೆ ರಷ್ಯಾ, ಅಲ್ಲಿ ಉತ್ತರ ಒಸ್ಸೆಟಿಯಾ. ಈಚೆ ಜಾರ್ಜಿಯಾ, ಇಲ್ಲಿ ದಕ್ಷಿಣ ಒಸ್ಸೆಟಿಯಾ. ನಡುವೆ ರೋಕಿ ಸುರಂಗ, ಮೂರೂವರೆ ಕಿಲೋಮೀಟರ್‌ಗೂ ಜಾಸ್ತಿ ಉದ್ದ, ಸೋವಿಯತ್ ಕಾಲದಲ್ಲಿ ಕೊರೆದದ್ದು. ರಷ್ಯಾದಿಂದ ದಕ್ಷಿಣ ಒಸ್ಸೆಟಿಯಾಕ್ಕೆ ಬರಲು ಇರುವ ದೊಡ್ಡ ರಸ್ತೆ ಇದೊಂದೇ. ದಕ್ಷಿಣ ಒಸ್ಸೆಟಿಯಾ ಅಂದರೆ ಸುಮಾರು 3,900 ಚದರ ಕಿಲೋಮೀಟರ್, ಜನ ಅರ್ಧ ಲಕ್ಷದ ಆಸುಪಾಸು. ಪಶ್ಚಿಮಕ್ಕೆ ಕಪ್ಪು ಸಮುದ್ರದ ದಡದಲ್ಲಿ ಅಬ್ಖಾಜಿಯಾ, ಅದು ಇದರ ಎರಡರಷ್ಟು ದೊಡ್ಡದು. ಎರಡೂ ಸೇರಿದರೆ ಜಾರ್ಜಿಯಾದ ಐದನೇ ಒಂದು ಭಾಗ.

ಒಸ್ಸೆಟಿಯಾದವರ ಸಿಟ್ಟು ಸುಳ್ಳಲ್ಲ. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದಾಗ ಜಾರ್ಜಿಯಾದಲ್ಲಿ ಗಮ್ಸಖುರ್ದಿಯಾ ಅಧಿಕಾರಕ್ಕೆ ಬಂದರು. 1990ರ ಡಿಸೆಂಬರ್‌ನಲ್ಲಿ ದಕ್ಷಿಣ ಒಸ್ಸೆಟಿಯಾದ ಸ್ವಾಯತ್ತೆಯನ್ನೇ ರದ್ದು ಮಾಡಿದರು. 1991–92ರಲ್ಲಿ ಯುದ್ಧ ಆಯಿತು. ಸ್ಖಿನ್ವಾಲಿ ಜನ ಚಳಿಗಾಲದಲ್ಲಿ ಕರೆಂಟ್ ಇಲ್ಲದೆ, ಶೆಲ್ ದಾಳಿಯ ಕೆಳಗೆ ಬದುಕಿದರು. ಜಾರ್ಜಿಯಾದ ಬೇರೆ ಊರುಗಳಲ್ಲಿದ್ದ ಸಾವಿರಾರು ಒಸ್ಸೆಟಿಯನ್ನರು ಪರ್ವತ ದಾಟಿ ಆಚೆ ಹೋದರು. 1992ರ ಜೂನ್‌ನಲ್ಲಿ ಒಪ್ಪಂದ ಆಗಿ ರಷ್ಯಾ, ಜಾರ್ಜಿಯಾ, ಒಸ್ಸೆಟಿಯಾ ಮೂರೂ ಕಡೆಯ ಶಾಂತಿಪಾಲಕರು ಬಂದು ಕೂತರು. ನಾನು ಇಂಟರ್ನ್‌ಶಿಪ್ ಮಾಡುವಾಗ ವಾರ್ಡಿನಲ್ಲಿ ಒಬ್ಬ ಹಿರಿಯ ನರ್ಸ್ ಇದ್ದರು. ತಾಯಿ ಒಸ್ಸೆಟಿಯನ್, ತಂದೆ ಜಾರ್ಜಿಯನ್. ಅಂಥ ಮನೆಗಳು ಅಲ್ಲಿ ಬೇಕಾದಷ್ಟು. ಆ ವರ್ಷ ಅವರ ಸೋದರಮಾವಂದಿರು ಒಂದು ಕಡೆ, ಚಿಕ್ಕಪ್ಪಂದಿರು ಇನ್ನೊಂದು ಕಡೆ.

ಯುದ್ಧ ನಿಂತ ಮೇಲೆ ಎರಡೂ ಕಡೆಯವರನ್ನು ಒಟ್ಟಿಗೆ ಇಟ್ಟದ್ದು ಒಪ್ಪಂದವಲ್ಲ, ಎರ್ಗ್ನೇತಿ ಅನ್ನುವ ಒಂದು ಸಂತೆ. ಗಡಿಯ ಹತ್ತಿರ, ಸ್ಖಿನ್ವಾಲಿಗೆ ಹೊಂದಿಕೊಂಡ ಹಾಗೆ ಇತ್ತು. ರಷ್ಯಾದಿಂದ ಸುರಂಗದ ಮೂಲಕ ಪೆಟ್ರೋಲ್, ಸಿಗರೇಟ್, ಹಿಟ್ಟು ಬರುತ್ತಿತ್ತು. ಈ ಕಡೆಯಿಂದ ಹಣ್ಣು, ತರಕಾರಿ. ಸುಂಕ ಇಲ್ಲ, ಬಿಲ್ ಇಲ್ಲ, ಪೂರ್ತಿ ಕಳ್ಳ ವ್ಯಾಪಾರ. ಆದರೆ ಒಸ್ಸೆಟಿಯನ್ ಮತ್ತು ಜಾರ್ಜಿಯನ್ ಪಕ್ಕಪಕ್ಕದಲ್ಲಿ ಕೂತು ಮಾರುತ್ತಿದ್ದರು. 2003ರ ನವೆಂಬರ್‌ನಲ್ಲಿ ಜನ ಬೀದಿಗಿಳಿದು ಸರ್ಕಾರ ಬೀಳಿಸಿದ ಗುಲಾಬಿ ಕ್ರಾಂತಿ ಆಯಿತು, ಆಮೇಲೆ ಸಾಕಾಶ್ವಿಲಿ ಜಾರ್ಜಿಯಾದ ಅಧ್ಯಕ್ಷರಾಗಿ ಬಂದರು. 2004ರಲ್ಲಿ ಕಳ್ಳಸಾಗಣೆ ನಿಲ್ಲಿಸುತ್ತೇನೆ ಅಂತ ಆ ಸಂತೆಯನ್ನು ಮುಚ್ಚಿಸಿದರು. ಕಾನೂನಿನ ಪ್ರಕಾರ ಸರಿ. ಆದರೆ ನಮ್ಮ ಕಡೆ ಒಣದ್ರಾಕ್ಷಿ ಮಾಡುವವರಿಗೆ ತಾಸಗಾಂವ ಮಾರುಕಟ್ಟೆಗೆ ಇನ್ನು ಬರಬೇಡಿ ಅಂದರೆ ಏನಾಗುತ್ತದೆ, ಹಾಗೆ ಆಯಿತು. ಜನರಿಗೆ ಟಿಬಿಲಿಸಿ ಕಡೆ ನೋಡಲು ಕಾರಣವೇ ಉಳಿಯಲಿಲ್ಲ. ಆ ಬೇಸಿಗೆಯಲ್ಲೇ ಮತ್ತೆ ಗುಂಡಿನ ಚಕಮಕಿ ಶುರುವಾಯಿತು. ನನ್ನ ಪ್ರಕಾರ ಸಾಕಾಶ್ವಿಲಿ ಸೋತದ್ದು 2008ರಲ್ಲಿ ಅಲ್ಲ, ಆ ಸಂತೆ ಮುಚ್ಚಿಸಿದಾಗಲೇ.

ಈಗ ಪಾಸ್‌ಪೋರ್ಟ್ ವಿಷಯ. ನಿಮ್ಮ ಗೆಳೆಯ ‘ರಷ್ಯಾದ ಪ್ರಜೆಗಳು’ ಅಂದನಲ್ಲ, ಅವರು ಯಾವಾಗ ರಷ್ಯಾದ ಪ್ರಜೆಗಳಾದರು ಅಂತ ಅವನನ್ನು ಕೇಳಿ. 2002ರಿಂದ ರಷ್ಯಾ ಈ ಎರಡೂ ಪ್ರದೇಶಗಳ ಜನರಿಗೆ ರಾಶಿ ರಾಶಿ ಪಾಸ್‌ಪೋರ್ಟ್ ಹಂಚಿತು. ಜನ ಯಾಕೆ ತೆಗೆದುಕೊಂಡರು? ಹಳೇ ಸೋವಿಯತ್ ಪಾಸ್‌ಪೋರ್ಟಿಗೆ ಬೆಲೆ ಇರಲಿಲ್ಲ. ಜಾರ್ಜಿಯಾದ್ದು ಬೇಡ ಅಂತ ಹಠ. ರಷ್ಯಾದ್ದು ತಗೊಂಡರೆ ಪಿಂಚಣಿ ರೂಬಲ್‌ನಲ್ಲಿ ಬರುತ್ತದೆ, ಮಗ ಮಾಸ್ಕೋಕ್ಕೆ ಕೆಲಸಕ್ಕೆ ಹೋಗಬಹುದು. ನಾನಾಗಿದ್ದರೂ ತಗೋತಿದ್ದೆ. ತಪ್ಪು ತೆಗೆದುಕೊಂಡ ಮುದುಕಿಯದ್ದಲ್ಲ. ಪಕ್ಕದ ದೇಶದ ನೆಲದಲ್ಲಿ ನಿಂತು, ಆ ದೇಶದ ಒಪ್ಪಿಗೆ ಇಲ್ಲದೆ ಅದರ ಜನರನ್ನು ತನ್ನ ಪ್ರಜೆ ಮಾಡಿಕೊಂಡು, ಆರು ವರ್ಷ ಬಿಟ್ಟು ‘ನನ್ನ ಪ್ರಜೆಗಳನ್ನು ಉಳಿಸಲು ಬಂದೆ’ ಅನ್ನುವುದು ಇದೆಯಲ್ಲ, ಅದನ್ನು ತಾಲ್ಯಾವಿನಿ ವರದಿಯೂ ಒಪ್ಪಲಿಲ್ಲ. ಆ ಪೌರತ್ವ ಕೊಟ್ಟ ರೀತಿಯೇ ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂದಿತು. ನಿಮ್ಮ ಉತ್ತರದಲ್ಲಿ ಬೇರೇನು ಬಿಟ್ಟರೂ ಇದನ್ನು ಬಿಡಬೇಡಿ.

ಟ್ಯಾಂಕ್ ಬರುವ ಎರಡು ವರ್ಷ ಮೊದಲು ಇನ್ನೊಂದು ಪೆಟ್ಟು ಬಿದ್ದಿತ್ತು. ಇದು ನೋಟ್ಸ್‌ನಲ್ಲಿ ಇರಲ್ಲ. 2006ರ ವಸಂತದಲ್ಲಿ ರಷ್ಯಾ ಜಾರ್ಜಿಯಾದ ವೈನ್ ನಿಷೇಧಿಸಿತು, ಹಿಂದೆಯೇ ಬೋರ್ಜೋಮಿ ಖನಿಜ ನೀರನ್ನೂ ನಿಷೇಧಿಸಿತು. ಕೊಟ್ಟ ಕಾರಣ ಗುಣಮಟ್ಟ ಸರಿ ಇಲ್ಲ, ಕೀಟನಾಶಕ ಇದೆ ಅಂತ. ಜಾರ್ಜಿಯಾದ ವೈನ್ ಬಹುಪಾಲು ಹೋಗುತ್ತಿದ್ದದ್ದೇ ರಷ್ಯಾಕ್ಕೆ. ಪೂರ್ವದಲ್ಲಿ ಕಖೇತಿ ಅಂತ ಸೀಮೆ ಇದೆ, ಅಲ್ಲಿ ಮನೆಗೊಂದು ದ್ರಾಕ್ಷಿ ತೋಟ. ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಗುಡಾಣದಲ್ಲಿ ವೈನ್ ಮಾಡುತ್ತಾರೆ, ಕ್ವೇವ್ರಿ ಅನ್ನುತ್ತಾರೆ. ನನ್ನ ಕ್ಲಾಸ್‌ಮೇಟ್ ಒಬ್ಬನ ಮನೆ ಅಲ್ಲೇ. ಸುಗ್ಗಿಗೆ ಕರೆದುಕೊಂಡು ಹೋಗಿದ್ದ. ನಾನು ಗೊನೆ ಕತ್ತರಿಸುವ ಕೈ ನೋಡಿ ಅವನ ಅಪ್ಪನಿಗೆ ನಾನು ಡಾಕ್ಟರ್ ಆಗುವವನು ಅನ್ನುವುದೇ ಮರೆತುಹೋಯಿತು. ಬರೀ ರೋಗ, ನೀರು, ರೇಟಿನ ಮಾತು. 2006ರಲ್ಲಿ ವ್ಯಾಪಾರಿಗಳು ಹಣ್ಣು ಕೊಳ್ಳಲು ಬರಲಿಲ್ಲ, ಕೆಲವರು ಬಳ್ಳಿಯನ್ನೇ ಕಿತ್ತು ಹಾಕಿದರು ಅಂತ ಹೇಳಿದರು. ಅದೇ ವರ್ಷ ಶರತ್ಕಾಲದಲ್ಲಿ ರಷ್ಯಾ ಎರಡೂ ದೇಶದ ನಡುವಿನ ವಿಮಾನ, ಅಂಚೆ ಎಲ್ಲಾ ನಿಲ್ಲಿಸಿ, ಅಲ್ಲಿ ಕೆಲಸ ಮಾಡುತ್ತಿದ್ದ ಜಾರ್ಜಿಯನ್ನರನ್ನು ಹಿಡಿದು ವಾಪಸ್ ಕಳಿಸಿತು. ವೈನ್ ನಿಷೇಧ ತೆಗೆದದ್ದು 2013ರಲ್ಲಿ. ಏಳು ವರ್ಷ. ಬಳ್ಳಿ ಸಾಕಿದವರಿಗೆ ಏಳು ವರ್ಷ ಅಂದರೆ ಏನು ಅಂತ ಗೊತ್ತು.

2008ಕ್ಕೆ ಬರೋಣ. ಮೇಲೆ ಒಬ್ಬರು ಕೊಸೊವೊ ಅಂದರಲ್ಲ, ಅವರ ಮಾತಿನಲ್ಲಿ ಹುರುಳಿದೆ. ಆ ವರ್ಷ ಫೆಬ್ರುವರಿ 17ರಂದು ಕೊಸೊವೊ ಸ್ವಾತಂತ್ರ್ಯ ಘೋಷಿಸಿತು, ಪಶ್ಚಿಮದ ದೇಶಗಳು ಕೂಡಲೇ ಒಪ್ಪಿದವು, ರಷ್ಯಾ ಕೆಂಡವಾಯಿತು. ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ನೇಟೊ ಸಭೆ. ಜಾರ್ಜಿಯಾ, ಉಕ್ರೇನ್ ಮುಂದೆ ಸದಸ್ಯ ಆಗುತ್ತವೆ ಅಂತ ಘೋಷಿಸಿದರು. ಆದರೆ ಯಾವಾಗ, ಹೇಗೆ ಅಂತ ಹೇಳಲಿಲ್ಲ, ಅದಕ್ಕೆ ಬೇಕಾದ ಮೊದಲ ಹೆಜ್ಜೆಯನ್ನೂ ಕೊಡಲಿಲ್ಲ. ರಷ್ಯಾಕ್ಕೆ ಸಿಟ್ಟು ಬರಲು ಅದು ಸಾಕಾಯಿತು, ಜಾರ್ಜಿಯಾಕ್ಕೆ ರಕ್ಷಣೆ ಸಿಗಲು ಸಾಕಾಗಲಿಲ್ಲ. ಮೇ ಕೊನೆಯಲ್ಲಿ ರಷ್ಯಾ ಅಬ್ಖಾಜಿಯಾದ ರೈಲು ಹಳಿ ರಿಪೇರಿಗೆ ಅಂತ ತನ್ನ ರೈಲ್ವೆ ಪಡೆ ಕಳಿಸಿತು. ಆಗಸ್ಟ್‌ನಲ್ಲಿ ಸೈನ್ಯಕ್ಕೆ ಆ ಹಳಿ ಕೆಲಸಕ್ಕೆ ಬಂತು.

ಯುದ್ಧದ ಐದು ದಿನದ ಬಗ್ಗೆ ನಿಮಗೆ ಗೊತ್ತೇ ಇದೆ, ಬೇಗ ಮುಗಿಸುತ್ತೇನೆ. ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ ಆಗಸ್ಟ್ 8. ಆ ಹೊತ್ತಿಗೆ ರಷ್ಯಾದ ಟ್ಯಾಂಕ್‌ಗಳು ಸುರಂಗದಿಂದ ಇಳಿಯುತ್ತಿದ್ದವು. ಜಾರ್ಜಿಯಾ ಪಡೆ ಹಿಂದೆ ಸರಿಯಿತು. ರಷ್ಯಾ ಅಲ್ಲಿಗೇ ನಿಲ್ಲಲಿಲ್ಲ. ಸ್ಟಾಲಿನ್ ಹುಟ್ಟಿದ ಗೋರಿ ಪಟ್ಟಣದ ಮೇಲೆ ಬಾಂಬ್, ಕಪ್ಪು ಸಮುದ್ರದ ಪೋತಿ ಬಂದರಿನಲ್ಲಿ ದೋಣಿಗಳನ್ನು ಮುಳುಗಿಸಿದ್ದು, ಸೆನಾಕಿ ಸೇನಾ ನೆಲೆ ಹಿಡಿದದ್ದು. ಒಸ್ಸೆಟಿಯಾ ಉಳಿಸಲು ಪೋತಿಯಲ್ಲಿ ಏನು ಕೆಲಸ? ಆಗಸ್ಟ್ 12ಕ್ಕೆ ಫ್ರಾನ್ಸ್‌ನ ಅಧ್ಯಕ್ಷ ಸರ್ಕೋಜಿ ಓಡಾಡಿ ಆರು ಅಂಶದ ಕದನ ವಿರಾಮ ಮಾಡಿಸಿದರು. ಆಗಸ್ಟ್ 26ಕ್ಕೆ ರಷ್ಯಾ ಎರಡೂ ಪ್ರದೇಶಗಳಿಗೆ ದೇಶ ಅಂತ ಮಾನ್ಯತೆ ಕೊಟ್ಟಿತು. ಎಲ್ಲಾ ಕಡೆ ಸೇರಿ ಸತ್ತವರು ಸುಮಾರು 850. ಮನೆ ಬಿಟ್ಟವರು ಲಕ್ಷಕ್ಕೂ ಜಾಸ್ತಿ. ಮೊದಲ ದಿನಗಳಲ್ಲಿ ಸ್ಖಿನ್ವಾಲಿಯಲ್ಲೇ 2,000 ಜನ ಸತ್ತರು, ನರಮೇಧ ಆಯಿತು ಅಂತ ರಷ್ಯಾ ಹೇಳಿತ್ತು. ಆಮೇಲೆ ರಷ್ಯಾದ್ದೇ ತನಿಖಾಧಿಕಾರಿಗಳು ಕೊಟ್ಟ ಲೆಕ್ಕ 162 ನಾಗರಿಕರು. 162 ಸಣ್ಣ ಸಂಖ್ಯೆ ಅಂತ ನಾನು ಹೇಳುತ್ತಿಲ್ಲ. ಆದರೆ ಸೈನ್ಯ ಇಳಿದದ್ದು 2,000 ಅನ್ನುವ ಮಾತಿನ ಮೇಲೆ.

ಬೆಳಗಾವಿ ವಿಷಯ ಇಲ್ಲಿ ತರಬೇಡಿ. ಅದು ಒಂದೇ ದೇಶದ ಎರಡು ರಾಜ್ಯಗಳ ತಕರಾರು, ಸುಪ್ರೀಂ ಕೋರ್ಟಿನಲ್ಲಿ ಕೇಸ್ ಇದೆ. ಬಸ್ಸಿಗೆ ಮಸಿ ಬಳಿಯುವುದಕ್ಕೂ ಊರಿಗೆ ಫಿರಂಗಿ ಹೊಡೆಯುವುದಕ್ಕೂ ವ್ಯತ್ಯಾಸ ಇದೆ ಅಂತ ನಿಮ್ಮ ಗೆಳೆಯನಿಗೆ ಹೇಳಿ.

ಉಳಿದದ್ದು ಆಮೇಲೆ ಬರೆಯುತ್ತೇನೆ, ಪೇಷೆಂಟ್ ಬಂದರು.

ನಿವೃತ್ತ ಸುಬೇದಾರ್ (ಬೆಳಗಾವಿ):

ಡಾಕ್ಟರ್ ಸಾಹೇಬರು ಚೆನ್ನಾಗಿ ಬರೆದಿದ್ದಾರೆ. ನಾನು ಫೌಜಿನವನು, ಆ ಕಡೆಯಿಂದ ಎರಡು ಮಾತು ಸೇರಿಸುತ್ತೇನೆ.

ಕಾಂಗೋದಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ಕೆಲಸ ಮಾಡಿದ್ದೇನೆ. ಶಾಂತಿಪಾಲಕನಿಗೆ ಮೊದಲ ಪಾಠ, ನೀನು ಯಾರ ಕಡೆಯೂ ಅಲ್ಲ. ದಕ್ಷಿಣ ಒಸ್ಸೆಟಿಯಾದಲ್ಲಿ ಇದ್ದದ್ದು ವಿಶ್ವಸಂಸ್ಥೆ ಪಡೆ ಅಲ್ಲ. ಮೂರು ಕಡೆಯವರದ್ದು ಒಂದೊಂದು ಬೆಟಾಲಿಯನ್, 500 ಜನರ ಮಿತಿ, ಮೇಲೆ ಕಮಾಂಡರ್ ರಷ್ಯಾದವನು. ಜಗಳದಲ್ಲಿ ಪಾಲು ಇದ್ದವನೇ ಪಂಚಾಯಿತಿಗೂ ಕೂತ. ಇಂಥ ಪಡೆ ಹದಿನಾರು ವರ್ಷ ನಡೆದದ್ದೇ ದೊಡ್ಡದು.

ಜಾರ್ಜಿಯಾ ಸ್ಖಿನ್ವಾಲಿಯ ಮೇಲೆ ಗ್ರ್ಯಾಡ್ ರಾಕೆಟ್ ಬಳಸಿತು. ಆ ಗಾಡಿ ನಮ್ಮಲ್ಲೂ ಇದೆ. 40 ನಳಿಕೆ, ಇಪ್ಪತ್ತು ಸೆಕೆಂಡಿನಲ್ಲಿ ಖಾಲಿ. ಅದು ಒಂದು ಗುರಿಗೆ ಹೊಡೆಯುವ ಸಾಮಾನಲ್ಲ, ಬಯಲಲ್ಲಿ ನಿಂತ ಸೈನ್ಯದ ಮೇಲೆ ಸುರಿಯುವ ಸಾಮಾನು. ಜನ ಮಲಗಿರುವ ಊರಿನ ಮೇಲೆ ರಾತ್ರಿ ಅದನ್ನು ಬಿಟ್ಟವನು ಯಾರೇ ಆಗಿರಲಿ, ಅವನ ಪರ ನಾನು ವಾದ ಮಾಡಲ್ಲ. ರಷ್ಯಾದ ಶಾಂತಿಪಾಲಕರ ನೆಲೆಗೂ ಪೆಟ್ಟು ಬಿತ್ತು, ಅವರಲ್ಲಿ ಕೆಲವರು ಸತ್ತರು.

ಇನ್ನೊಂದು ಕಡೆ ನೋಡಿ. ಅಷ್ಟು ಟ್ಯಾಂಕು, ಅಷ್ಟು ಡೀಸೆಲ್, ಅಷ್ಟು ಮದ್ದುಗುಂಡು ಒಂದೇ ಸುರಂಗದಿಂದ ಮಾರನೇ ದಿನವೇ ಇಳಿಯುವುದು ಸುಮ್ನೆ ಆಗುವ ಕೆಲಸವಲ್ಲ. ಆ ಜುಲೈನಲ್ಲಿ ಪರ್ವತದ ಆಚೆ ರಷ್ಯಾದ ದೊಡ್ಡ ಕವಾಯತು ನಡೆದಿತ್ತು, ಅದಕ್ಕೆ ‘ಕಾವ್‌ಕಾಜ್ 2008’ ಅಂತ ಹೆಸರು. ಮುಗಿದು ವಾರ ಕೂಡ ಆಗಿರಲಿಲ್ಲ. ಅಡುಗೆ ಮನೆಯಿಂದ ಹಿಡಿದು ಎಲ್ಲಾ ತಯಾರಿತ್ತು. ಜಾರ್ಜಿಯಾದ ಒಳ್ಳೇ ತರಬೇತಿ ಪಡೆದ ಬ್ರಿಗೇಡ್, ಸುಮಾರು 2,000 ಜನ, ಆಗ ಇರಾಕಿನಲ್ಲಿ ಅಮೆರಿಕದ ಜೊತೆ ಇತ್ತು. ಅಮೆರಿಕದ ವಿಮಾನಗಳು ವಾಪಸ್ ತಂದುಬಿಡುವಷ್ಟರಲ್ಲಿ ಆಟ ಮುಗಿದಿತ್ತು. ಸುರಂಗ ಮುಚ್ಚಲು ಆಗದವನು ಆ ರಾತ್ರಿ ಪಟ್ಟಣಕ್ಕೆ ಕೈ ಹಾಕಲೇಬಾರದಿತ್ತು. ಇದು ನನ್ನ ಅಭಿಪ್ರಾಯ.

ನವನಗರದ ಹುಡುಗ (ಬಾಗಲಕೋಟೆ):

ಡಾಕ್ಟರ್ ಸರ್, ಸುಬೇದಾರ್ ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ರೂಮ್‌ಮೇಟ್ಸ್‌ಗೆ ಓದಿ ಹೇಳಿದೆ. ರಷ್ಯಾ ಪರ ಇದ್ದವನು ಪಾಸ್‌ಪೋರ್ಟ್ ಭಾಗ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದ, ಆಮೇಲೆ ‘ಹಾಗಾದರೆ ಅಲ್ಲಿನ ಜನಕ್ಕೇ ಜಾರ್ಜಿಯಾ ಬೇಡ ಅಂದರೆ?’ ಅಂತ ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮತ್ತೆ, ಇದನ್ನು ಉಕ್ರೇನ್ ಜೊತೆ ಜೋಡಿಸಿ ಬರೆಯಬಹುದಾ?

ಸುಮ್ನೆ_ಒಬ್ಬ (ವಿಜಯಪುರ):

ಕೊಸೊವೊ ಮಾತು ಡಾಕ್ಟರ್ ಒಪ್ಪಿದರು, ಅಷ್ಟು ಸಾಕು. ಆದರೆ ಕೊಸೊವೊ ಜನಕ್ಕೆ ಬೇರೆ ಆಗುವ ಹಕ್ಕು ಇದೆ, ಒಸ್ಸೆಟಿಯಾ ಜನಕ್ಕೆ ಇಲ್ಲ ಅಂದರೆ ಹೇಗೆ? ಅದಕ್ಕೆ ಉತ್ತರ ಕೊಡಿ.

ತಿಕೋಟಾ ಡಾಕ್ಟರ್ (ವಿಜಯಪುರ):

ಇಬ್ಬರ ಪ್ರಶ್ನೆಯೂ ಒಂದೇ, ಒಟ್ಟಿಗೆ ಬರೆಯುತ್ತೇನೆ.

ಒಸ್ಸೆಟಿಯನ್ನರಿಗೆ ಜಾರ್ಜಿಯಾ ಬೇಡ ಅನ್ನುವುದು ನಿಜ. 1991ನ್ನೂ 2008ರ ಆ ರಾತ್ರಿಯನ್ನೂ ಕಂಡ ಒಬ್ಬ ಸ್ಖಿನ್ವಾಲಿಯವನಿಗೆ ‘ನೀನು ಟಿಬಿಲಿಸಿಯ ಕೆಳಗೆ ಇರು’ ಅಂತ ಹೇಳಲು ನನಗೆ ಬಾಯಿ ಬರಲ್ಲ. ಆದರೆ ‘ಅಲ್ಲಿನ ಜನ’ ಅಂದರೆ ಯಾರು? ಸ್ಖಿನ್ವಾಲಿಯಿಂದ ಸುರಂಗದ ಕಡೆ ಹೋಗುವ ಕಣಿವೆಯಲ್ಲಿ ಜಾರ್ಜಿಯನ್ ಊರುಗಳಿದ್ದವು. ತಾಮರಾಶೇನಿ, ಅಚಬೇತಿ, ಕುರ್ತಾ, ಕೇಖ್ವಿ. ಯುದ್ಧ ಆದ ಮೇಲೆ ಆ ಮನೆಗಳನ್ನು ಒಂದೊಂದಾಗಿ ಸುಟ್ಟು ನೆಲಸಮ ಮಾಡಿದರು, ರಷ್ಯಾದ ಸೈನ್ಯ ಎದುರಿಗೇ ಇತ್ತು. ಅದನ್ನು ಜನಾಂಗೀಯ ಶುದ್ಧೀಕರಣ ಅಂತ ತಾಲ್ಯಾವಿನಿ ವರದಿಯೇ ಕರೆದಿದೆ. ಅಬ್ಖಾಜಿಯಾ ಇನ್ನೂ ಕಠಿಣ. 1989ರ ಜನಗಣತಿಯಲ್ಲಿ ಅಲ್ಲಿ ಜನ ಸುಮಾರು 5.25 ಲಕ್ಷ. ಅದರಲ್ಲಿ ಜಾರ್ಜಿಯನ್ನರು ಶೇಕಡಾ 45ರ ಮೇಲೆ, ಅಬ್ಖಾಜ್ ಜನ ಶೇಕಡಾ 18ರ ಹತ್ತಿರ. 1992–93ರ ಯುದ್ಧ ಮುಗಿಯುವಾಗ ಎರಡು ಲಕ್ಷಕ್ಕೂ ಜಾಸ್ತಿ ಜಾರ್ಜಿಯನ್ನರನ್ನು ಅಲ್ಲಿಂದ ಓಡಿಸಲಾಗಿತ್ತು. ಅರ್ಧ ಜನರನ್ನು ಮೊದಲು ಓಡಿಸಿ, ಉಳಿದವರ ಮತ ಎಣಿಸಿ ‘ಜನರ ಇಚ್ಛೆ’ ಅನ್ನುವುದು ನನಗೆ ಒಪ್ಪಿಗೆಯಾಗಲ್ಲ. ಕೊಸೊವೊದಲ್ಲೂ ಸರ್ಬ್ ಜನ ಓಡಿದರು, ಅದನ್ನೂ ಹೇಳಬೇಕು. ಆದರೆ ಕೊಸೊವೊಗೆ ನೂರಕ್ಕೂ ಜಾಸ್ತಿ ದೇಶಗಳು ಮಾನ್ಯತೆ ಕೊಟ್ಟವು. ಇಲ್ಲಿ ರಷ್ಯಾ ಬಿಟ್ಟರೆ ನಿಕರಾಗುವಾ, ವೆನೆಜುವೆಲಾ, ನೌರು, ಆಮೇಲೆ 2018ರಲ್ಲಿ ಸಿರಿಯಾ. ವನುವಾಟು, ಟುವಾಲು ಕೊಟ್ಟು ವಾಪಸ್ ತಗೊಂಡವು. ಬೆಲಾರೂಸ್ ಕೂಡ ಕೊಡಲಿಲ್ಲ ನೋಡಿ. ನಮ್ಮ ದೇಶ ಕೊಸೊವೊವನ್ನೂ ಒಪ್ಪಿಲ್ಲ, ಇವೆರಡನ್ನೂ ಒಪ್ಪಿಲ್ಲ. ಪರೀಕ್ಷೆಗೆ ಈ ಸಾಲು ಉಪಯೋಗ ಆಗುತ್ತದೆ.

ನಾನು ಬಾಡಿಗೆಗೆ ಇದ್ದದ್ದು ಸಬುರ್ತಾಲೋ ಅನ್ನುವ ಬಡಾವಣೆಯಲ್ಲಿ. ಮನೆ ಒಡತಿ ಅಬ್ಖಾಜಿಯಾದ ಸುಖುಮಿಯವರು. 1993ರ ಸೆಪ್ಟೆಂಬರ್‌ನಲ್ಲಿ ಊರು ಬಿದ್ದಾಗ ಪರ್ವತ ದಾಟಿ ನಡೆದು ಬಂದವರು. ಟಿಬಿಲಿಸಿಯ ನಡುಮಧ್ಯೆ ಇವೇರಿಯಾ ಅಂತ ದೊಡ್ಡ ಹೋಟೆಲ್ ಇತ್ತು. ನಿರಾಶ್ರಿತರನ್ನು ಅಲ್ಲಿ ತುಂಬಿದ್ದರು. ಬಾಲ್ಕನಿಗಳಿಗೆ ಹಲಗೆ, ತಗಡು ಹೊಡೆದು ಅಡುಗೆ ಮನೆ ಮಾಡಿಕೊಂಡು ಹತ್ತು ವರ್ಷ ಇದ್ದರು. 2004ರಲ್ಲಿ ಖಾಲಿ ಮಾಡಿಸಿದರು, ಈಗ ಅದು ಐಷಾರಾಮಿ ಹೋಟೆಲ್. ಅಜ್ಜಿ ಆ ದಾರಿಯಲ್ಲಿ ಹೋದಾಗಲೆಲ್ಲ ಯಾವ ಮಹಡಿಯಲ್ಲಿ ನೀರು ಬರುತ್ತಿರಲಿಲ್ಲ ಅಂತ ತೋರಿಸುತ್ತಿದ್ದರು. ಸಿಟ್ಟು ಬಂದಾಗ ರಷ್ಯಾಕ್ಕೆ ಬೈಯುವಷ್ಟೇ ಗಮ್ಸಖುರ್ದಿಯಾಗೂ ಬೈಯುತ್ತಿದ್ದರು. ‘ಒಬ್ಬ ಬೆಂಕಿ ಹಚ್ಚಿದ, ಇನ್ನೊಬ್ಬ ಮನೆ ತಗೊಂಡ’ ಅನ್ನುತ್ತಿದ್ದರು.

ದಿದೂಬೆ ಬಸ್ ನಿಲ್ದಾಣದಿಂದ ಗೋರಿಗೆ ಮಿನಿ ಬಸ್ ಸಿಗುತ್ತದೆ. ದಾರಿಯಲ್ಲಿ ತ್ಸೆರೊವಾನಿ ಬರುತ್ತದೆ. 2008ರ ನಿರಾಶ್ರಿತರಿಗೆ ಕಟ್ಟಿದ ಊರು. ಸುಮಾರು 2,000 ಮನೆ, ಎಲ್ಲಾ ಒಂದೇ ಅಳತೆ, ಒಂದೇ ಛಾವಣಿ, ಸಾಲು ಸಾಲು. ಇನ್ನೂ ಮುಂದೆ ಹೋದರೆ ಹೆದ್ದಾರಿಯಿಂದ ಕೂಗಳತೆ ದೂರದಲ್ಲಿ ದಕ್ಷಿಣ ಒಸ್ಸೆಟಿಯಾದ ಗಡಿ ಅಂತ ಹಾಕಿದ ಮುಳ್ಳುತಂತಿ. ಅದು ಒಂದೇ ಜಾಗದಲ್ಲಿ ನಿಲ್ಲಲ್ಲ. ರಾತ್ರೋರಾತ್ರಿ ಗಡಿಯ ಹಸಿರು ಬೋರ್ಡ್ ಮುಂದೆ ಬಂದಿರುತ್ತದೆ, ಬೆಳಿಗ್ಗೆ ಎದ್ದರೆ ನಿಮ್ಮ ಸೇಬಿನ ತೋಟದ ಅರ್ಧ ಆಚೆ. 2015ರ ಜುಲೈನಲ್ಲಿ ಹೀಗೆ ಬೋರ್ಡ್ ಸರಿದಾಗ ಬಾಕು–ಸುಪ್ಸಾ ತೈಲ ಕೊಳವೆಯ ಒಂದೂವರೆ ಕಿಲೋಮೀಟರ್ ಭಾಗ ಆಚೆ ಸೇರಿತು. ಖುರ್ವಲೇತಿ ಅನ್ನುವ ಊರಿನಲ್ಲಿ ಒಬ್ಬ ಮುದುಕನ ಮನೆಯೇ ತಂತಿಯ ಆಚೆ ಆಯಿತು. ನೆಂಟರು, ಪತ್ರಕರ್ತರು ತಂತಿಯ ಈಚೆಯಿಂದ ಮಾತಾಡಿಸಿ ಔಷಧಿ, ಬ್ರೆಡ್ ಕೊಟ್ಟು ಬರುತ್ತಿದ್ದರು. ಯುರೋಪಿನ ನಿಗಾ ತಂಡ 2008ರ ಅಕ್ಟೋಬರ್‌ನಿಂದ ಇದೆ, ಆದರೆ ಅವರಿಗೆ ಆಚೆ ಹೋಗಲು ಬಿಡಲ್ಲ. ಅಬ್ಖಾಜಿಯಾದಲ್ಲಿ ವಿಶ್ವಸಂಸ್ಥೆಯ ವೀಕ್ಷಕರಿದ್ದರು. 2009ರ ಜೂನ್‌ನಲ್ಲಿ ಭದ್ರತಾ ಮಂಡಳಿಯಲ್ಲಿ ರಷ್ಯಾ ವಿಟೊ ಹಾಕಿ ಅದನ್ನೂ ಮುಗಿಸಿತು. ಉಳಿಸಲು ಬಂದವರಿಗೆ ನೋಡುವವರು ಇದ್ದರೆ ಏನು ತೊಂದರೆ, ಅಲ್ವಾ?

ಉಕ್ರೇನ್ ಜೊತೆ ಖಂಡಿತ ಜೋಡಿಸಿ. ಕ್ರಮ ಮಾತ್ರ ಬೇರೆ ಅಂತ ತೋರಿಸಿ. ಜಾರ್ಜಿಯಾದಲ್ಲಿ ಪಾಸ್‌ಪೋರ್ಟ್, ಸೈನ್ಯ, ಕೊನೆಗೆ ಮಾನ್ಯತೆ. ಡೊನೆಟ್ಸ್ಕ್, ಲುಹಾನ್ಸ್ಕ್ ವಿಷಯದಲ್ಲಿ 2019ರ ಏಪ್ರಿಲ್‌ನಿಂದ ಸುಲಭ ಪಾಸ್‌ಪೋರ್ಟ್, 2022ರ ಫೆಬ್ರುವರಿ 21ಕ್ಕೆ ಮಾನ್ಯತೆ, 24ಕ್ಕೆ ಸೈನ್ಯ. ಅಲ್ಲೂ ನರಮೇಧ ಅನ್ನುವ ಮಾತೇ ಮುಂದೆ ಬಂತು. ಒಂದು ದೊಡ್ಡ ವ್ಯತ್ಯಾಸ ಏನೆಂದರೆ, 2022ರಲ್ಲಿ ಆ ರಾತ್ರಿ ಮೊದಲು ಹೊಡೆದವರು ಯಾರು ಅನ್ನುವ ಪ್ರಶ್ನೆಗೆ ಜಾರ್ಜಿಯಾದ ಹಾಗೆ ಎರಡು ಅರ್ಧ ಇಲ್ಲ.

ಒಬ್ಬ ತಾಯಿ (ಜಮಖಂಡಿ):

ಡಾಕ್ಟರ್ ಸರ್, ವಿಷಯ ಬಿಟ್ಟು ಕೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳಿಗೆ ಟಿಬಿಲಿಸಿಯಲ್ಲಿ ಎಂಬಿಬಿಎಸ್ ಸೀಟ್ ಸಿಗುತ್ತದೆ ಅಂತ ಏಜೆಂಟ್ ಹೇಳುತ್ತಿದ್ದಾನೆ. ನೀವು ಬರೆದದ್ದು ಓದಿ ಎದೆ ಧಸಕ್ಕೆಂದಿತು. ಕಳಿಸಬಹುದಾ?

ತಿಕೋಟಾ ಡಾಕ್ಟರ್ (ವಿಜಯಪುರ):

ಅಕ್ಕಾ, ಬೇಜಾರು ಏನಿಲ್ಲ. ಟಿಬಿಲಿಸಿ ದಿನನಿತ್ಯದ ಬದುಕಿಗೆ ಶಾಂತವಾದ ಊರು. ಹುಡುಗಿಯರು ರಾತ್ರಿ ಲೈಬ್ರರಿಯಿಂದ ನಡೆದು ಬರುತ್ತಿದ್ದರು. ಆಗಾಗ ಸಂಸತ್ತಿನ ಎದುರು ಪ್ರತಿಭಟನೆ ಆಗುತ್ತದೆ, ಆ ಕಡೆ ಹೋಗಬೇಡ ಅಂತ ಹೇಳಿ. ಗಡಿ ತಂತಿಯ ಹತ್ತಿರ ಫೋಟೋ ತೆಗೆಯಲು ಹೋಗಬಾರದು, ಹಿಡಿದುಕೊಂಡು ಹೋಗುತ್ತಾರೆ. ರಷ್ಯಾ ಕಡೆಯಿಂದ ಅಬ್ಖಾಜಿಯಾಕ್ಕೆ ಟೂರ್ ಅಂತ ಯಾರಾದರೂ ಕರೆದರೆ ಹೋಗಲೇಬಾರದು. ಜಾರ್ಜಿಯಾ ಕಾನೂನಿನಲ್ಲಿ ಅದು ಅಪರಾಧ, ಜೈಲೂ ಆಗಬಹುದು.

ನಿಮಗೆ ಚಿಂತೆ ಇರಬೇಕಾದದ್ದು ಯುದ್ಧದ ಬಗ್ಗೆ ಅಲ್ಲ, ಏಜೆಂಟ್ ಬಗ್ಗೆ. ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಪಾಠ ಇಂಗ್ಲಿಷಿನಲ್ಲಿ. ಅಲ್ಲಿ ವೈದ್ಯ ವೃತ್ತಿ ಮಾಡಲು ಬೇಕಾದ ಪರವಾನಗಿ ಅವಳಿಗೆ ಸಿಗುವಂತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಇಲ್ಲಿ ಬಂದು ಪರೀಕ್ಷೆಗೆ ಕೂರಲು ಆಗಲ್ಲ. ಇದನ್ನೆಲ್ಲ ಏಜೆಂಟ್ ಹತ್ತಿರ ಬಾಯಲ್ಲಿ ಕೇಳಬೇಡಿ, ಕಾಲೇಜಿನಿಂದ ಲೆಟರ್‌ನಲ್ಲಿ ತರಿಸಿಕೊಳ್ಳಿ. ಮಗಳಿಗೆ ಮಾತಾಡಬೇಕು ಅಂದರೆ ಇಲ್ಲೇ ಮೆಸೇಜ್ ಹಾಕಲು ಹೇಳಿ. ಈ ವಾರ ಪೂರ್ತಿ ನನಗೆ ರಾತ್ರಿ ಡ್ಯೂಟಿ, ಹಗಲು ಮಲಗಿರುತ್ತೇನೆ, ಸಂಜೆ ಆರರ ಮೇಲೆ ಉತ್ತರ ಕೊಡುತ್ತೇನೆ.